ತಾಯಿಯ ಮನೆಯಲ್ಲಿ ಸಂಕೋಚವೇಕೆ?

ಶರದೃತುವಿನ ಆಕಾಶ ತಿಳಿಯಾಗಿ, ಗಂಗೆಯ ದಡದಲ್ಲಿ ಕಾಶದ ಹೂವು ಬೆಳ್ಳಗೆ ಅರಳಿ ನಿಂತಿತೆಂದರೆ ಕೋಲ್ಕತ್ತ ಮಹಾನಗರದ ಗಲ್ಲಿಗಲ್ಲಿಯೂ ಜಗನ್ಮಾತೆಯ ಆಗಮನಕ್ಕೆ ಅಣಿಯಾಗುತ್ತದೆ. ಬಂಗಾಳದ ಭಕ್ತರ ಭಾವದಲ್ಲಿ ದುರ್ಗೆಯು ದೂರದ ಕೈಲಾಸದಿಂದ ಮಕ್ಕಳೊಡನೆ ತವರಿಗೆ ಬರುವ ಮಗಳು. ಕನ್ನಡಿಗರ ಭಾವದಲ್ಲಿ ಆಕೆ ಚಾಮುಂಡಿಬೆಟ್ಟದಲ್ಲಿ ನೆಲಸಿ ನಾಡನ್ನೆಲ್ಲ ಹರಸುವ ತಾಯಿ. ಮಗಳೆನ್ನಲಿ, ತಾಯಿಯೆನ್ನಲಿ, ಎರಡು ಭಾವಗಳಲ್ಲಿಯೂ ದೇವಿಯು ಮನೆಯವಳೇ ಆಗಿದ್ದಾಳೆ, ಹೊರಗಿನವಳಲ್ಲ. ದೇವರನ್ನೇ ಮನೆಯವಳನ್ನಾಗಿ ಮಾಡಿಕೊಂಡ ಹಬ್ಬವೆಂಬುದೇ ನವರಾತ್ರಿಯ ಹಿರಿಮೆ.

ಆದರೆ ಇಷ್ಟು ದೊಡ್ಡ ಸಂಭ್ರಮದ ನಡುವೆಯೂ ಪೂಜಾಮಂಟಪದ ಅಂಚಿನಲ್ಲಿ, ಕಂಬದ ಮರೆಯಲ್ಲಿ, ಒಂಟಿಯಾಗಿ ನಿಂತ ಜೀವವೊಂದು ಇದ್ದೇ ಇರುತ್ತದೆ. ಮದುವೆಯಾಗಿ ಧಾರವಾಡದಿಂದಲೋ ಹಾಸನದಿಂದಲೋ ಈ ನಗರಕ್ಕೆ ಬಂದ ಸೊಸೆಗೆ ಬಂಗಾಳಿ ನಾಲಗೆಗೆ ಹೊರಳದು. ತಪ್ಪಾಡಿದರೆ ನಕ್ಕಾರು ಎಂಬ ಅಂಜಿಕೆಯಿಂದ ಆಕೆ ಮೆಟ್ಟಿಲಿಳಿದು ಕೆಳಗೆ ಬರುವುದನ್ನೇ ಬಿಡುತ್ತಾಳೆ. ಓದಲೆಂದು ಬಂದ ತರುಣನಿಗೆ ತರಗತಿಯಲ್ಲಿ ಎದ್ದು ನಿಂತರೆ ಕಾಲು ನಡುಗುತ್ತದೆ, ಅಂಗೈ ಬೆವರುತ್ತದೆ, ಗೊತ್ತಿದ್ದ ಉತ್ತರವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗನ ಮನೆಗೆ ಬಂದು ನೆಲಸಿದ ಹಿರಿಯರು ವರ್ಷ ಕಳೆದರೂ ಎದುರು ಬಾಗಿಲಿನವರ ಹೆಸರನ್ನು ಅರಿಯರು. ಲಕ್ಷಾಂತರ ಜನರ ನಡುವೆ ಒಬ್ಬನೇ ಆಗಿರುವುದು ಅರಣ್ಯವಾಸಕ್ಕಿಂತ ಕಠಿನವಾದ ವಾಸ. ಅರಣ್ಯದಲ್ಲಿ ಮಾತನಾಡಿಸುವವರಿಲ್ಲ, ಇಲ್ಲಿ ಮಾತನಾಡಿಸುವವರಿದ್ದೂ ಮಾತು ಹೊರಡದು.

ಈ ಅಂಜಿಕೆ ಎಲ್ಲಿಂದ ಹುಟ್ಟುತ್ತದೆ? ಬೃಹದಾರಣ್ಯಕ ಉಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಇದಕ್ಕೊಂದು ಆಖ್ಯಾನವಿದೆ. ಸೃಷ್ಟಿಯ ಆದಿಯಲ್ಲಿ ಪ್ರಜಾಪತಿಯು ಒಬ್ಬನೇ ಇದ್ದನು. ಒಬ್ಬನೇ ಇದ್ದುದರಿಂದ ಅವನಿಗೂ ಭಯವಾಯಿತು. ಆಗ ಅವನು ವಿಚಾರಮಾಡಿದನು: ತನ್ನನ್ನು ಬಿಟ್ಟು ಬೇರೊಂದು ಇಲ್ಲದಿರುವಾಗ ತಾನು ಯಾರಿಗೆ ಅಂಜಬೇಕು? ಈ ವಿಚಾರದಿಂದಲೇ ಅವನ ಭಯ ತೊಲಗಿತು. ಎರಡನೆಯದೊಂದು ಇದೆಯೆಂಬ ಬುದ್ಧಿಯಿಂದಲೇ ಭಯ ಹುಟ್ಟುತ್ತದೆ ಎಂಬುದು ಅಲ್ಲಿಯ ನಿರ್ಣಯ. ಎದುರಿಗೆ ಇರುವವನು ಬೇರೆ, ಅವನು ಅಳೆಯುವವನು, ತಾನು ಅಳೆಯಿಸಿಕೊಳ್ಳುವವನು ಎಂಬ ಭೇದಬುದ್ಧಿ ಎಲ್ಲಿದೆಯೋ ಅಲ್ಲಿ ಭಯವಿದೆ. ಸಭೆಗೆ ಅಂಜುವವನ ಮನಸ್ಸನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಣುವುದೇನು? ಸಭೆಯಲ್ಲಿ ಕುಳಿತವರು ತಂತಮ್ಮ ಚಿಂತೆಯಲ್ಲಿ ಮುಳುಗಿರುತ್ತಾರೆ. ಅವರಲ್ಲಿ ಹಲವರು ತಾವೇ ಒಳಗೊಳಗೆ ಅಂಜಿರುತ್ತಾರೆ. ಆದರೂ ಅಂಜಿದವನು ಅವರೆಲ್ಲರ ಕಣ್ಣನ್ನೂ ತಾನೇ ಎರವಲು ಪಡೆದು ತನ್ನನ್ನೇ ದಿಟ್ಟಿಸುತ್ತಾನೆ. ತನ್ನ ಉಡುಪು, ತನ್ನ ಉಚ್ಚಾರ, ತನ್ನ ಕೈಕಾಲು, ಇವುಗಳಲ್ಲದೆ ಆ ಹೊತ್ತಿನಲ್ಲಿ ಅವನಿಗೆ ಬೇರೇನೂ ಕಾಣದು. ವಿನಯದಂತೆ ತೋರುವ ಈ ಸ್ಥಿತಿಯೊಳಗೆ ಅಹಂಕಾರವೇ ನೋಯುತ್ತ ಕುಳಿತಿರುತ್ತದೆ.

ಸಂಕೋಚವೆಂಬ ಶಬ್ದಕ್ಕೆ ಕುಗ್ಗುವುದು, ಮುದುಡುವುದು ಎಂದೇ ಮೂಲಾರ್ಥ. ಮೇಲುಕೋಟೆಯಲ್ಲಿ ನೆಲಸಿ ಕನ್ನಡನಾಡನ್ನು ಪುನೀತಗೊಳಿಸಿದ ರಾಮಾನುಜಾಚಾರ್ಯರ ದರ್ಶನದಲ್ಲಿ ಜೀವನ ಜ್ಞಾನಕ್ಕೆ ಸಂಕೋಚ, ವಿಕಾಸ ಎಂಬ ಎರಡು ಅವಸ್ಥೆಗಳನ್ನು ಹೇಳಿದೆ. ದೀಪ ಒಂದೇ ಆದರೂ ಕೊಡದೊಳಗಿಟ್ಟರೆ ಬೆಳಕು ಕೊಡದಷ್ಟೇ, ಮನೆಯೊಳಗಿಟ್ಟರೆ ಮನೆಯಷ್ಟು. ಅಂಜಿದವನಲ್ಲಿಯೂ ಬೆಳಕಿಗೆ ಕೊರತೆಯಿಲ್ಲ. ಅದು ಕೊಡದೊಳಗಿದೆ, ಅಷ್ಟೆ.

ಇಲ್ಲಿ ಒಂದು ವಿವೇಕ ಅವಶ್ಯಕ. ಸಂಕೋಚವನ್ನು ಗೆಲ್ಲುವುದೆಂದರೆ ನಾಚಿಕೆಯನ್ನೇ ತೊರೆದು ಗಟ್ಟಿ ಬಾಯಿಯವರಾಗುವುದು ಎಂದು ಕೆಲವರು ತಿಳಿಯುತ್ತಾರೆ. ಶಾಸ್ತ್ರದ ಅಭಿಪ್ರಾಯ ಹಾಗಿಲ್ಲ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಸಂಪತ್ತಿನ ಇಪ್ಪತ್ತಾರು ಗುಣಗಳನ್ನು ಎಣಿಸುವಾಗ ಮೊಟ್ಟಮೊದಲು ಬರುವುದು ಅಭಯ. ಅದೇ ಪಟ್ಟಿಯಲ್ಲಿ ಹ್ರೀ ಎಂಬುದೂ ಇದೆ. ಹ್ರೀ ಎಂದರೆ ಲಜ್ಜೆ. ನಿರ್ಭಯತೆಯೂ ಲಜ್ಜೆಯೂ ಪರಸ್ಪರ ವಿರೋಧಿಗಳಾಗಿದ್ದರೆ ಭಗವಂತನು ಅವೆರಡನ್ನೂ ಒಂದೇ ಮಾಲೆಯಲ್ಲಿ ಪೋಣಿಸುತ್ತಿದ್ದನೇ? ನವರಾತ್ರಿಯಲ್ಲಿ ಮನೆಮನೆಯಲ್ಲಿ ಪಾರಾಯಣವಾಗುವ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ದೇವಿಯನ್ನು ಸ್ತುತಿಸುತ್ತ, ಸರ್ವಭೂತಗಳಲ್ಲಿ ಲಜ್ಜೆಯ ರೂಪದಿಂದ ಇರುವವಳು ಅವಳೇ, ಮಾತೃರೂಪದಿಂದ ಇರುವವಳೂ ಅವಳೇ ಎಂದು ನಮಿಸುತ್ತಾರೆ. ಆದುದರಿಂದ ನಾಚುವ ಸ್ವಭಾವ ದೋಷವಲ್ಲ. ಅದೂ ತಾಯಿಯ ಒಂದು ಕಳೆ. ಆ ಲಜ್ಜೆಯನ್ನು ಭಯವು ಆವರಿಸಿ, ಮನುಷ್ಯನಿಂದ ಮನುಷ್ಯನನ್ನು ಅಗಲಿಸಿದಾಗ ಮಾತ್ರ ಅದು ರೋಗ. ಲಜ್ಜೆ ಉಳಿಯಬೇಕು, ಭಯ ಅಳಿಯಬೇಕು. ಇದು ಸಾಧ್ಯವೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಈ ನಗರದ ಗಂಗಾತೀರದಲ್ಲಿಯೇ ಅದಕ್ಕೆ ಸಾಕ್ಷಿಯಾದ ಒಂದು ಜೀವನ ನಡೆದಿದೆ.

ಶ್ರೀರಾಮಕೃಷ್ಣ ಪರಮಹಂಸರ ಸಹಧರ್ಮಿಣಿ ಶ್ರೀಮಾತೆ ಶಾರದಾದೇವಿಯವರು 1853ರ ಡಿಸೆಂಬರ್ 22ರಂದು ಬಾಂಕುಡಾ ಜಿಲ್ಲೆಯ ಜಯರಾಮಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. 1872ರಲ್ಲಿ ದಕ್ಷಿಣೇಶ್ವರಕ್ಕೆ ಬಂದ ಅವರಿಗೆ ಮುಂದೆ ಬಹುಕಾಲ ವಾಸಸ್ಥಾನವಾದದ್ದು ನಹಬತ್, ಎಂದರೆ ದೇವಾಲಯದ ವಾದ್ಯಗಾರರಿಗೆಂದು ಕಟ್ಟಿಸಿದ ಮಂಟಪದ ಕೆಳಗಿನ ಎಂಟುಮೂಲೆಯ ಪುಟ್ಟ ಕೋಣೆ. ಇಂದಿಗೂ ಯಾತ್ರಿಕರು ಅದನ್ನು ನೋಡಿ, ಇಷ್ಟರಲ್ಲಿ ಒಬ್ಬರು ಕೈಕಾಲು ಚಾಚಿ ಮಲಗುವುದೂ ಕಷ್ಟವಲ್ಲವೇ ಎಂದು ಬೆರಗಾಗುತ್ತಾರೆ. ಬಾಗಿಲು ಎಷ್ಟು ತಗ್ಗೆಂದರೆ ಮೊದಮೊದಲು ಅವರ ಹಣೆ ಪದೇಪದೇ ತಗಲುತ್ತಿತ್ತು. ಅಡಿಗೆಯ ಸಾಮಾನು, ನೆಲುವಿನಲ್ಲಿ ತೂಗುವ ಮಡಕೆಗಳು, ಬಂದುಹೋಗುವ ಹೆಂಗಸರು, ಎಲ್ಲಕ್ಕೂ ಅಷ್ಟೇ ಸ್ಥಳ. ಸುತ್ತಲೂ ಬಿದಿರಿನ ತಟ್ಟಿಯ ಮರೆ. ನಸುಕಿಗೆ ಮುನ್ನವೇ ಗಂಗಾಸ್ನಾನ ಮುಗಿಸಿ ಒಳಸೇರಿದರೆ ಮತ್ತೆ ಅವರನ್ನು ಹೊರಗಿನವರು ಕಾಣುವಂತಿರಲಿಲ್ಲ. ಅವರು ಅಲ್ಲಿ ಇದ್ದಾರೆಂದು ಕೇಳಿದ್ದೇನೆಯೇ ಹೊರತು ಒಮ್ಮೆಯೂ ಕಂಡಿಲ್ಲವೆಂದು ದೇವಾಲಯದ ಲೆಕ್ಕದ ಅಧಿಕಾರಿಯೇ ಹೇಳುತ್ತಿದ್ದನಂತೆ. ಪರಮಹಂಸರ ಕೋಣೆಯಲ್ಲಿ ಕೀರ್ತನೆ ನಡೆಯುವಾಗ ತಟ್ಟಿಯಲ್ಲಿದ್ದ ರಂಧ್ರದಿಂದ ಆ ಆನಂದವನ್ನು ನೋಡಿ ತೃಪ್ತಿಪಡುತ್ತಿದ್ದರು. ಪೂಜಾಮಂಟಪದ ಕಂಬದ ಮರೆಯಲ್ಲಿ ನಿಂತವರಿಗೆ ಈ ತಾಯಿಗಿಂತ ಹತ್ತಿರದ ಬಂಧು ಯಾರಿದ್ದಾರೆ?

ಇಂತಹ ಲಜ್ಜಾಶೀಲೆಯ ಬಾಳಿನಲ್ಲಿ ತೇಲೋಭೇಲೋ ಎಂಬ ಬಯಲಿನ ಪ್ರಸಂಗ ನಡೆಯಿತು. ಆ ಕಾಲದಲ್ಲಿ ಹಳ್ಳಿಯಿಂದ ದಕ್ಷಿಣೇಶ್ವರಕ್ಕೆ ಕಾಲ್ನಡಿಗೆಯ ಪ್ರಯಾಣ. ಆರಾಮಬಾಗಿನಿಂದ ತಾರಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಈ ಬಯಲು ದರೋಡೆಕೋರರಿಗೆ ಹೆಸರಾಗಿತ್ತು. ಜೊತೆಯವರು ಕತ್ತಲಾಗುವುದರೊಳಗೆ ಬಯಲನ್ನು ದಾಟಬೇಕೆಂದು ಅವಸರದಿಂದ ನಡೆದರು. ಶಾರದಾದೇವಿಯವರಿಗೆ ಅಷ್ಟು ಬೇಗ ನಡೆಯಲಾಗಲಿಲ್ಲ. ತಮ್ಮಿಂದ ಅವರಿಗೆ ತೊಂದರೆಯಾಗಬಾರದೆಂದು ಮುಂದೆ ಹೋಗಹೇಳಿ ತಾವು ಹಿಂದುಳಿದರು. ಸಂಜೆ ಕವಿಯಿತು. ಕರಿಯ ಮೈಯ, ಎತ್ತರದ, ಕೈಯಲ್ಲಿ ಬೆಳ್ಳಿಯ ಕಡಗ ತೊಟ್ಟು ಕೋಲು ಹಿಡಿದ ಒಬ್ಬ ಮನುಷ್ಯ ಎದುರಿಗೆ ಬಂದು ಯಾರೆಂದು ಗದರಿದನು. ಪರಪುರುಷರ ಮುಂದೆ ಮುಖ ತೋರದ ಆ ತಾಯಿ ಆಗ ಮಾಡಿದ್ದೇನು? ಕೂಗಲಿಲ್ಲ, ಓಡಲಿಲ್ಲ. ಅಪ್ಪಾ ಎಂದು ಕರೆದರು. ಜೊತೆಯವರು ಮುಂದೆ ಹೋದರೆಂದೂ, ತಾವು ದಾರಿ ತಪ್ಪಿದಂತಿದೆಯೆಂದೂ, ಅವನ ಅಳಿಯನು ರಾಣಿ ರಾಸಮಣಿಯ ಕಾಳೀದೇವಾಲಯದಲ್ಲಿ ಇರುವನೆಂದೂ, ಅಲ್ಲಿಗೆ ಕರೆದೊಯ್ದರೆ ಆತನು ಆದರಿಸುವನೆಂದೂ ಹೇಳಿದರು. ಅಷ್ಟರಲ್ಲಿ ಅವನ ಹೆಂಡತಿಯೂ ಬಂದಳು. ಅವಳ ಕೈಹಿಡಿದು, ಅಮ್ಮಾ, ತಾನು ನಿನ್ನ ಮಗಳು ಶಾರದೆ ಎಂದರು. ದಂಪತಿಗಳ ಮನಸ್ಸು ಕರಗಿ ನೀರಾಯಿತು. ಹತ್ತಿರದ ಹಳ್ಳಿಯ ಅಂಗಡಿಯಲ್ಲಿ ಆ ಹೆಂಗಸು ತನ್ನ ಬಟ್ಟೆಯನ್ನೇ ಹಾಸಿ ಮಲಗಿಸಿದಳು. ಗಂಡನು ಮಂಡಕ್ಕಿ ತಂದು ಉಣಿಸಿದನು. ಮರುದಿನ ತಾರಕೇಶ್ವರದ ದಾರಿಯಲ್ಲಿ ಅವಳು ಹೊಲದ ಬಟಾಣಿ ಕಾಯಿ ಕಿತ್ತು ಮಗಳ ಕೈಗೆ ಹಾಕಿದಳು. ಅಗಲುವಾಗ ಮೂವರೂ ಅತ್ತರು. ಮುಂದೆಯೂ ಅವರಿಬ್ಬರು ಕಾಣಿಕೆ ಹಿಡಿದು ದಕ್ಷಿಣೇಶ್ವರಕ್ಕೆ ಬರುತ್ತಿದ್ದರಂತೆ.

ಈ ಪ್ರಸಂಗದಲ್ಲಿ ವಿಚಾರಮಾಡಬೇಕಾದ ಅಂಶವೊಂದಿದೆ. ಅಪರಿಚಿತನು ಪರಿಚಿತನಾಗಲು ಬಹುಕಾಲ ಬೇಕೆಂದು ಲೋಕ ಹೇಳುತ್ತದೆ. ಇಲ್ಲಿ ಒಂದು ಕರೆ ಸಾಕಾಯಿತು. ಆ ಮನುಷ್ಯನಲ್ಲಿ ದರೋಡೆಕೋರನೂ ಇದ್ದನು, ತಂದೆಯೂ ಇದ್ದನು. ಯಾರನ್ನು ಕರೆದರೋ ಅವನು ಎದ್ದುಬಂದನು. ಬೇರೆಯವನೆಂದು ಕಂಡಿದ್ದರೆ ಭಯ. ತಂದೆಯೆಂದು ಕಂಡೊಡನೆ ಭಯಕ್ಕೆ ನಿಲ್ಲಲು ಸ್ಥಳವೇ ಇಲ್ಲ. ಉಪನಿಷತ್ತಿನ ಪ್ರಜಾಪತಿಯು ವಿಚಾರದಿಂದ ಪಡೆದ ಅಭಯವನ್ನು ಹಳ್ಳಿಯ ಹೆಣ್ಣುಮಗಳು ಸಂಬಂಧದ ಒಂದು ಮಾತಿನಿಂದ ಪಡೆದಳು. ಮನೆಗೆ ಬಂದವನನ್ನು ಯಾರವನೆಂದು ವಿಚಾರಿಸುತ್ತ ಕೂಡದೆ, ಈ ಮನೆಯ ಮಗನೆಂದೇ ಎಣಿಸಬೇಕೆಂದು ಕಲ್ಯಾಣದಲ್ಲಿ ಬಸವಣ್ಣನವರು ಬೋಧಿಸಿದ ತತ್ತ್ವವೂ ಇದಲ್ಲವೇ?

ಆದರೆ ಈ ಒಂದು ಸಂಜೆಯಿಂದ ಶಾರದಾದೇವಿಯವರ ಸಂಕೋಚವೆಲ್ಲ ಮಾಯವಾಯಿತೆಂದು ಭಾವಿಸಬಾರದು. ಸ್ವಭಾವ ಅಷ್ಟು ಬೇಗ ಬದಲಾಗುವುದಿಲ್ಲ. 1885ರಲ್ಲಿ ಪರಮಹಂಸರು ಗಂಟಲಿನ ವ್ಯಾಧಿಯಿಂದ ನರಳಿದಾಗ ಭಕ್ತರು ಅವರನ್ನು ಚಿಕಿತ್ಸೆಗಾಗಿ ನಗರದ ಶ್ಯಾಮಪುಕುರದ ಮನೆಗೆ ಕರೆತಂದರು. ಪಥ್ಯದ ಅಡಿಗೆಗೆ ಶಾರದಾದೇವಿಯವರು ಬರಬೇಕಾಯಿತು. ಆ ಮನೆಯಲ್ಲಿ ಹೆಂಗಸರಿಗೆ ಪ್ರತ್ಯೇಕವಾದ ಭಾಗವಿಲ್ಲ, ಹಗಲೆಲ್ಲ ಗಂಡಸರ ಸಂಚಾರ. ಇಷ್ಟು ನಾಚಿಕೆಯವರು ಅಲ್ಲಿ ಹೇಗೆ ಇದ್ದಾರು ಎಂದು ಭಕ್ತರಿಗೆ ಸಂದೇಹ. ಇರುವ ಸ್ಥಿತಿಯನ್ನೆಲ್ಲ ತಿಳಿಸಿ, ಬರುವುದಾದರೆ ಬರಲಿ ಎಂದು ಪರಮಹಂಸರು ಹೇಳಿಕಳುಹಿಸಿದರು. ಅವರು ಬಂದರು. ರಾತ್ರಿ ಮೂರು ಗಂಟೆಗೆ ಮುನ್ನ ಸ್ನಾನ ಮುಗಿಸಿ, ಮಾಳಿಗೆಯ ಮೆಟ್ಟಿಲಿನ ಪಕ್ಕದಲ್ಲಿದ್ದ ಮರೆಯ ಕಿರುಜಾಗಕ್ಕೆ ಏರಿ, ಹಗಲೆಲ್ಲ ಅಲ್ಲಿಯೇ ಅಡಿಗೆ ಮಾಡಿ, ಎಲ್ಲರೂ ಮಲಗಿದಮೇಲೆ ರಾತ್ರಿ ಹನ್ನೊಂದಕ್ಕೆ ಕೆಳಗಿಳಿಯುತ್ತಿದ್ದರು. ಡಿಸೆಂಬರ್ 11ರಂದು ಕಾಶೀಪುರದ ತೋಟದ ಮನೆಗೆ ಹೋಗುವವರೆಗೂ ಹೀಗೆಯೇ ನಡೆಯಿತು. ಅವರಲ್ಲಿದ್ದ ನಾಚಿಕೆ ಹೋಗಿರಲಿಲ್ಲ. ಆದರೆ ಆ ನಾಚಿಕೆ ಸೇವೆಯನ್ನು ತಡೆಯಲಿಲ್ಲ. ಅಂಜಿಕೆ ಪೂರ್ಣವಾಗಿ ಅಳಿದಮೇಲೆ ಹೊರಡುವೆನೆಂದು ಕುಳಿತವನು ಎಂದಿಗೂ ಹೊರಡುವುದಿಲ್ಲ. ಪ್ರೀತಿಯ ಕಾರ್ಯವೊಂದನ್ನು ಕೈಗೆತ್ತಿಕೊಂಡು ಅಂಜಿಕೆಯೊಡನೆಯೇ ಹೊರಟವನ ಅಂಜಿಕೆ ದಾರಿಯಲ್ಲಿ ತಾನಾಗಿ ಸಣ್ಣದಾಗುತ್ತದೆ.

ಮೃದುಸ್ವಭಾವದ ಗೃಹಿಣಿಯರ ಮಾತು ಬೇರೆ, ಲೋಕದಲ್ಲಿ ಓಡಾಡುವ ಧೀರರಿಗೆ ಇದೆಲ್ಲ ಎಲ್ಲಿಯದು ಎನ್ನುವವರೂ ಉಂಟು. ಅವರು ಇದೇ ನಗರದ ಸಿಮ್ಲಾ ಬಡಾವಣೆಯಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದರನ್ನು ನೆನೆಯಬೇಕು. 1892ರಲ್ಲಿ ಬೆಂಗಳೂರು ಮೈಸೂರುಗಳಿಗೆ ಅಜ್ಞಾತ ಸಂನ್ಯಾಸಿಯಾಗಿ ಬಂದು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಮತ್ತು ಚಾಮರಾಜೇಂದ್ರ ಒಡೆಯರ ಆದರಕ್ಕೆ ಪಾತ್ರರಾದ ಆ ಸಿಂಹಸದೃಶರು 1893ರ ಸೆಪ್ಟೆಂಬರ್ 11ರಂದು ಷಿಕಾಗೋ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಸಾವಿರಾರು ಮಂದಿಯ ಮುಂದೆ ಕುಳಿತಿದ್ದರು. ಆ ಹೊತ್ತಿನ ತಮ್ಮ ಸ್ಥಿತಿಯನ್ನು ಅವರು ಮುಂದೆ ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ಮುಚ್ಚಿಡಲಿಲ್ಲ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಅಧ್ಯಾಪಕರಾಗಿದ್ದ ಈ ಶಿಷ್ಯರು ಗುರುಗಳ ಪ್ರಯಾಣಕ್ಕಾಗಿ ಮನೆಮನೆ ತಿರುಗಿ ಹಣ ಕೂಡಿಸಿದವರು. ಎದೆ ಹೊಡೆದುಕೊಳ್ಳುತ್ತಿತ್ತೆಂದೂ, ನಾಲಗೆ ಒಣಗಿತ್ತೆಂದೂ, ಬೆಳಗಿನ ಅಧಿವೇಶನದಲ್ಲಿ ಎದ್ದು ಮಾತನಾಡುವ ಧೈರ್ಯವೇ ಬರಲಿಲ್ಲವೆಂದೂ ಸ್ವಾಮೀಜಿ ಅವರಿಗೆ ತಿಳಿಸಿದರು. ಇತರರು ಭಾಷಣ ಬರೆದು ತಂದಿದ್ದರು. ಅವರ ಬಳಿ ಏನೂ ಇರಲಿಲ್ಲ. ಸರದಿಯನ್ನು ಮುಂದೂಡುತ್ತ ಹೋಗಿ, ಕಡೆಗೆ ಮಧ್ಯಾಹ್ನ ಸರಸ್ವತೀದೇವಿಗೆ ಮನಸ್ಸಿನಲ್ಲಿಯೇ ನಮಿಸಿ ಎದ್ದು ನಿಂತರು. ಅಲ್ಲಿ ಅವರ ಬಾಯಿಂದ ಹೊರಟ ಮೊದಲ ಮಾತು ಸಿದ್ಧಾಂತವಲ್ಲ, ವಾದವಲ್ಲ, ಸಂಬಂಧದ ಕರೆ. ಅಮೆರಿಕೆಯ ಜನರನ್ನು ಅಕ್ಕತಂಗಿಯರೆಂದೂ ಅಣ್ಣತಮ್ಮಂದಿರೆಂದೂ ಕರೆದರು. ಸಭೆಯೇ ಎದ್ದು ಹರ್ಷಧ್ವನಿ ಮಾಡಿತು. ತೇಲೋಭೇಲೋ ಬಯಲಿನಲ್ಲಿ ಗುರುಪತ್ನಿಯನ್ನು ಕಾಯ್ದ ಮಂತ್ರವೇ ಸಮುದ್ರದಾಚೆ ಶಿಷ್ಯನನ್ನೂ ಕಾಯಿತು.

ಶಾರದಾದೇವಿಯವರ ವಿಚಾರಕ್ಕೆ ಮರಳಿದರೆ, 1898ರ ಮಾರ್ಚ್ 17ರಂದು ಬಾಗ್‌ಬಜಾರಿನ ಬೋಸ್‌ಪಾಡಾ ಓಣಿಯ ಮನೆಗೆ ಮೂವರು ಪಾಶ್ಚಾತ್ಯ ಮಹಿಳೆಯರು ಅವರ ದರ್ಶನಕ್ಕೆ ಬಂದರು. ಅವರಲ್ಲಿ ಒಬ್ಬರು ಮುಂದೆ ಸೋದರಿ ನಿವೇದಿತೆಯೆಂದು ಹೆಸರಾದ ಮಾರ್ಗರೆಟ್ ನೋಬಲ್. ಆ ಕಾಲದ ಆಚಾರವಂತ ಬ್ರಾಹ್ಮಣ ವಿಧವೆಯೊಬ್ಬರು ಪರದೇಶದವರೊಡನೆ ಕುಳಿತುಕೊಳ್ಳುವುದೇ ಕನಸಿನ ಮಾತು. ಇಂಗ್ಲಿಷಿನ ಒಂದಕ್ಷರವೂ ಬಾರದ ಆ ತಾಯಿ ಅವರನ್ನು ಮಕ್ಕಳೆಂದೇ ಬರಮಾಡಿಕೊಂಡು ಅವರೊಡನೆ ಫಲಾಹಾರವನ್ನೂ ಸ್ವೀಕರಿಸಿದರು. ಅದೇ ವರ್ಷದ ನವೆಂಬರ್ 13ರಂದು ಕಾಳೀಪೂಜೆಯ ದಿನ ನಿವೇದಿತೆಯ ಹೆಣ್ಣುಮಕ್ಕಳ ಶಾಲೆಯನ್ನು ಹರಸಿ ತೆರೆದವರೂ ಅವರೇ. ಜಯರಾಮಬಾಟಿಯಲ್ಲಿ ದರೋಡೆಕೋರನೆಂದು ಊರವರು ಅಂಜುತ್ತಿದ್ದ ಅಮ್ಜದ್ ಎಂಬ ಮುಸಲ್ಮಾನನಿಗೆ ತಾವೇ ಬಡಿಸಿ, ಉಂಡ ಸ್ಥಳವನ್ನೂ ತಾವೇ ಶುಚಿಮಾಡಿದರು. ಹೀಗಿದ್ದರೂ ಗಂಡಸರ ಮುಂದೆ ಅವರ ಮುಸುಕು ಕೊನೆಯವರೆಗೂ ಸರಿಯಲಿಲ್ಲ. ಎಷ್ಟೋ ಮಂದಿ ಸಂನ್ಯಾಸಿ ಶಿಷ್ಯರಿಗೆ ಅವರ ಮಾತು ಜೊತೆಯ ಹೆಂಗಸರ ಮೂಲಕವೇ ತಲುಪುತ್ತಿತ್ತು. ಮುಖಕ್ಕೆ ಮುಸುಕಿತ್ತು, ಹೃದಯಕ್ಕೆ ಮುಸುಕಿರಲಿಲ್ಲ. ಲಜ್ಜೆ ಉಳಿದು ಭಯ ಅಳಿಯುವುದೆಂದರೆ ಇದು.

ಈ ಜೀವನದ ಒಂದು ಪುಣ್ಯಘಟನೆ ಕನ್ನಡಿಗರ ಪಾಲಿಗೂ ಬಂದಿದೆ. 1911ರಲ್ಲಿ ರಾಮೇಶ್ವರದ ಯಾತ್ರೆ ಮುಗಿಸಿದ ಶಾರದಾದೇವಿಯವರು ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿಗೆ ಬಂದು ಬಸವನಗುಡಿಯ ಶ್ರೀರಾಮಕೃಷ್ಣ ಆಶ್ರಮದಲ್ಲಿ ಕೆಲವು ದಿನ ಇದ್ದರು. ಒಂದು ದಿನ ಗವಿಪುರದ ಗುಹಾಲಯಕ್ಕೆ ಹೋಗಿ ಹಿಂದಿರುಗುವಷ್ಟರಲ್ಲಿ ಆಶ್ರಮದ ಅಂಗಳ ಜನರಿಂದ ತುಂಬಿಹೋಗಿತ್ತು. ಅವರನ್ನು ಕಂಡೊಡನೆ ನೆರೆದವರೆಲ್ಲರೂ ನೆಲಕ್ಕೆ ಬಾಗಿ ನಮಸ್ಕರಿಸಿದರು. ತಾಯಿ ಬಲಗೈಯೆತ್ತಿ ಅಭಯಮುದ್ರೆಯಿಂದ ಕೆಲವು ನಿಮಿಷ ನಿಶ್ಚಲವಾಗಿ ನಿಂತರು. ಅನಂತರ ಒಳಗೆ ಬಂದು ಕುಳಿತರು. ಭಕ್ತರೂ ಸುತ್ತ ಕುಳಿತರು. ಅವರಿಗೆ ಕನ್ನಡ ಬಾರದು, ಭಕ್ತರಿಗೆ ಬಂಗಾಳಿ ಬಾರದು. ಸ್ವಲ್ಪ ಹೊತ್ತಿನ ಮೌನದ ಬಳಿಕ, ಇವರ ಭಾಷೆ ತಿಳಿಯದು, ಎರಡು ಮಾತು ಆಡಲು ಬಂದಿದ್ದರೆ ಇವರಿಗೆಷ್ಟು ಸಮಾಧಾನವಾಗುತ್ತಿತ್ತು ಎಂದು ತಾಯಿ ಹಳಹಳಿಸಿದರು. ಅದನ್ನು ಭಾಷಾಂತರಿಸಿ ಹೇಳಿದಾಗ ಭಕ್ತರು, ಬೇಡ, ಇದೇ ಸಾಕು, ಹೃದಯ ತುಂಬಿದೆ, ಇಲ್ಲಿ ಮಾತಿನ ಅಗತ್ಯವಿಲ್ಲ ಎಂಬ ಅರ್ಥದ ಉತ್ತರವಿತ್ತರು. ಆಶ್ರಮದ ಹಿಂಬದಿಯಲ್ಲಿ ಅವರು ಸಂಜೆಯ ಹೊತ್ತು ಕುಳಿತ ಬಂಡೆಗೆ ಭಕ್ತರು ಇಂದಿಗೂ ನಮಿಸುತ್ತಾರೆ.

ಕೋಲ್ಕತ್ತದಲ್ಲಿ ಬಂಗಾಳಿ ಬಾರದೆಂದು ಕುಗ್ಗುವ ಕನ್ನಡಿಗರು ಈ ಘಟನೆಯನ್ನು ಮನನಮಾಡಬೇಕು. ಕನ್ನಡ ಬಾರದೆಂಬ ಕೊರಗು ಬೆಂಗಳೂರಿನಲ್ಲಿ ಆ ತಾಯಿಗೂ ಇತ್ತು. ಆದರೆ ಅವರ ಕೊರಗು ತಮ್ಮ ಮರ್ಯಾದೆಯನ್ನು ಕುರಿತದ್ದಲ್ಲ. ಎದುರಿಗಿರುವವರ ಸಮಾಧಾನವನ್ನು ಕುರಿತದ್ದು. ತಾನು ಹೇಗೆ ಕಾಣುತ್ತೇನೆ ಎಂಬ ಪ್ರಶ್ನೆ ಭಯವನ್ನು ಬೆಳೆಸುತ್ತದೆ. ಇವರಿಗೆ ಏನು ಬೇಕಾಗಿದೆ ಎಂಬ ಪ್ರಶ್ನೆ ಭಯವನ್ನು ಕರಗಿಸುತ್ತದೆ. ದೃಷ್ಟಿಯನ್ನು ತನ್ನಿಂದ ತೆಗೆದು ಎದುರಿನವರ ಮೇಲೆ ಇಡುವುದೇ ಈ ಸಾಧನೆಯ ಸಾರ.

ಸಾಧನೆಗೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಕ್ರಮ ಬೇಕು. ಈ ನಗರದ ದುರ್ಗಾಪೂಜೆ ಆ ಕ್ರಮವನ್ನು ತಾನೇ ಏರ್ಪಡಿಸಿಕೊಟ್ಟಿದೆ. ಒಂದು ಕಾಲದಲ್ಲಿ ಸಿರಿವಂತರ ಮನೆಯ ಅಂಗಳದಲ್ಲಿ ನಡೆಯುತ್ತಿದ್ದ ಪೂಜೆಯನ್ನು, ಗುಪ್ತಿಪಾಡಾ ಎಂಬ ಊರಿನ ಹನ್ನೆರಡು ಮಂದಿ ಗೆಳೆಯರು ಕೂಡಿ ವಂತಿಗೆಯಿಂದ ನಡೆಸಿದರೆಂದೂ, ಅಂದಿನಿಂದ ಬಾರೋಯಾರಿ ಎಂಬ ಹೆಸರು ಬಂದಿತೆಂದೂ ಪ್ರತೀತಿಯಿದೆ. ಅದೇ ಮುಂದೆ ಸಾರ್ವಜನಿಕ ಪೂಜೆಯಾಗಿ ಬೆಳೆಯಿತು. 2021ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಎಲ್ಲರನ್ನೂ ಒಳಗೊಳ್ಳುವ ಈ ಹಬ್ಬವನ್ನೇ. ಅಷ್ಟಮಿಯ ಪುಷ್ಪಾಂಜಲಿಯಲ್ಲಿ ಹೆಸರು ಕೇಳುವವರಿಲ್ಲ. ಬೊಗಸೆಯಲ್ಲಿ ಹೂವು ಹಿಡಿದು ಎಲ್ಲರ ಸಾಲಿನಲ್ಲಿ ನಿಂತು ಪುರೋಹಿತರು ಹೇಳಿದ ಮಂತ್ರವನ್ನು ಎಲ್ಲರ ಧ್ವನಿಯಲ್ಲಿ ಧ್ವನಿಗೂಡಿಸಿದರೆ ಸಾಕು. ಭೋಗದ ಪಂಕ್ತಿಯಲ್ಲಿ ಒಂದು ಬಕೀಟು ಹಿಡಿದು ಖಿಚಡಿ ಬಡಿಸಲು ನಿಂತವನಿಗೆ ಎರಡು ಮಾತು ತಾನಾಗಿ ಬರುತ್ತದೆ. ಕೈಗೆ ಕೆಲಸ ಸಿಕ್ಕಿದೊಡನೆ ಮನಸ್ಸು ತನ್ನನ್ನು ದಿಟ್ಟಿಸುವುದನ್ನು ಮರೆಯುತ್ತದೆ. ದಾದಾ, ದೀದಿ, ಮಾಶಿಮಾ ಎಂಬ ಕರೆಗಳನ್ನು ಈ ನಗರ ಬೀದಿಬೀದಿಯಲ್ಲಿ ದಾನಮಾಡುತ್ತಿದೆ. ತರಕಾರಿ ಮಾರುವವನಿಂದ ಹಿಡಿದು ಮೇಲಿನ ಮಾಳಿಗೆಯ ಮುದುಕಿಯವರೆಗೆ ಎಲ್ಲರಿಗೂ ಒಂದು ಸಂಬಂಧದ ಹೆಸರುಂಟು. ವ್ಯಾಕರಣ ಬಾರದವನೂ ಈ ಒಂದು ಪದವನ್ನು ಆಡಬಲ್ಲನು.

ವಿಜಯದಶಮಿಯ ಸಂಜೆ ಪ್ರತಿಮೆಯ ವಿಸರ್ಜನೆಯಾದಮೇಲೆ ಬಂಗಾಳದಲ್ಲಿ ಹಿರಿಯರ ಕಾಲಿಗೆರಗುತ್ತಾರೆ, ಸಮವಯಸ್ಕರು ಕೋಲಾಕುಲಿ ಎಂದು ಎದೆಗೆ ಎದೆ ತಾಗಿಸಿ ಅಪ್ಪಿಕೊಳ್ಳುತ್ತಾರೆ, ಮನೆಮನೆಗೆ ಹೋಗಿ ಸಿಹಿ ತಿಂದು ಬರುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದೇ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಪರಸ್ಪರ ಕೈಗಿತ್ತು ಹಿರಿಯರ ಆಶೀರ್ವಾದ ಪಡೆಯುತ್ತಾರೆ. ಮಾತುಬಿಟ್ಟವರೂ ಆ ದಿನ ಬನ್ನಿ ಕೊಡುವ ನೆವದಿಂದ ಮಾತಿಗೆ ಬರುತ್ತಾರೆ. ಮೈಸೂರು ಸೀಮೆಯಲ್ಲಿ ಬೊಂಬೆ ಕೂರಿಸಿದ ಮನೆಗೆ ನೆರೆಯ ಮಕ್ಕಳೆಲ್ಲ ಕರೆಯದೆಯೇ ಬಂದು ತಿಂಡಿ ಪಡೆಯುತ್ತಾರೆ. ಎರಡು ನಾಡಿನ ಹಿರಿಯರೂ ಹಬ್ಬದ ಕಡೆಯ ವಿಧಿಯನ್ನು ಹೊಸಿಲು ದಾಟುವುದರಲ್ಲಿಯೇ ಇರಿಸಿದ್ದಾರೆ. ನೆವವಿಲ್ಲದೆ ಹೊಸಿಲು ದಾಟಲಾರದ ಸಂಕೋಚಸ್ವಭಾವದವರ ಮೇಲೆ ಅವರಿಗಿದ್ದ ಕರುಣೆಯನ್ನು ಈ ಆಚಾರಗಳಲ್ಲಿ ಕಾಣಬಹುದು.

ಇಷ್ಟಾದರೂ ಕೆಲವರಲ್ಲಿ ಈ ಅಂಜಿಕೆ ಪೂಜೆಯಿಂದಾಗಲಿ ಸತ್ಸಂಗದಿಂದಾಗಲಿ ಕುಗ್ಗದೆ, ಶಾಲೆ, ಉದ್ಯೋಗ, ನಿದ್ರೆಗಳನ್ನೇ ಕೆಡಿಸುವಷ್ಟು ಬೆಳೆದಿರಬಹುದು. ಅಂಥವರನ್ನು ಭಕ್ತಿ ಸಾಲದೆಂದು ಹೀಯಾಳಿಸುವುದು ಪಾಪ. ಅದು ವೈದ್ಯಶಾಸ್ತ್ರ ಗುರುತಿಸಿರುವ ವ್ಯಾಧಿ. ಅಂಜಿಸುವ ಸಂದರ್ಭಗಳನ್ನು ಸಣ್ಣದರಿಂದ ಆರಂಭಿಸಿ ಹೆಜ್ಜೆಹೆಜ್ಜೆಯಾಗಿ ಎದುರಿಸಲು ಕಲಿಸುವ ಮನಶ್ಚಿಕಿತ್ಸೆಯೂ, ಬೇಕಾದಲ್ಲಿ ಔಷಧವೂ ಇದಕ್ಕೆ ಉಂಟು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ನೆರವು ದೊರೆಯುತ್ತದೆ. ಪರಮಹಂಸರ ಗಂಟಲಿಗೆ ಭಕ್ತರು ವೈದ್ಯರನ್ನು ಕರೆತರಲಿಲ್ಲವೇ? ಮನಸ್ಸಿನ ನೋವಿಗೆ ವೈದ್ಯರ ಬಳಿ ಹೋಗುವುದರಲ್ಲಿ ಸಂಕೋಚವೇನು?

ಕಡೆಯದಾಗಿ, ಅಂಜಿದವರ ಕರ್ತವ್ಯವನ್ನು ಹೇಳಿ ಅಂಜದವರ ಕರ್ತವ್ಯವನ್ನು ಬಿಟ್ಟರೆ ಉಪದೇಶ ಅರ್ಧವಾಗುತ್ತದೆ. ತೇಲೋಭೇಲೋ ಬಯಲಿನಲ್ಲಿ ಮಗಳು ಅಪ್ಪಾ ಎಂದಳು ನಿಜ. ಆದರೆ ಅವನು ತಂದೆಯಾಗಲು ಒಪ್ಪಿದನು. ಬೆಂಗಳೂರಿನಲ್ಲಿ ತಾಯಿ ಮಾತು ಬಾರದೆಂದು ಕೊರಗಿದಾಗ ಭಕ್ತರು ಇದೇ ಸಾಕೆಂದು ಅವರ ಕೊರಗನ್ನು ಇಳಿಸಿದರು. ನುಡಿಗೂಟದಲ್ಲಿ, ಪೂಜೆಯಲ್ಲಿ, ಊಟದ ಪಂಕ್ತಿಯಲ್ಲಿ ಪರಿಚಿತರೇ ಪರಿಚಿತರೊಡನೆ ಹರಟುತ್ತ ವೃತ್ತವಾಗಿ ನಿಂತರೆ, ಆ ಬೆನ್ನುಗಳ ಗೋಡೆಯನ್ನು ಹೊಸಬನು ಹೇಗೆ ದಾಟಬೇಕು? ಪ್ರತಿಯೊಂದು ವೃತ್ತವೂ ಒಬ್ಬರಿಗೆ ತಕ್ಕಷ್ಟು ಬಾಗಿಲನ್ನು ತೆರೆದಿಡಬೇಕು. ತಡವರಿಸುವವರ ಮಾತನ್ನು ಅರ್ಧದಲ್ಲಿ ಕಸಿದುಕೊಳ್ಳಬಾರದು. ತಪ್ಪುಚ್ಚಾರಕ್ಕೆ ನಗಬಾರದು. ಮೌನವಾಗಿ ಬಂದು ಮೌನವಾಗಿ ಹೋಗುವವರನ್ನು ಯಾಕೆ ಮಾತಾಡುವುದಿಲ್ಲವೆಂದು ಎಲ್ಲರ ಮುಂದೆ ಕೇಳಬಾರದು. ಪಕ್ಕದಲ್ಲಿ ಕುಳಿತು ಎಲೆಗೆ ಇನ್ನಷ್ಟು ಬಡಿಸಬೇಕು. ಮನೆಯ ಬಾಗಿಲನ್ನು ಹೊರಗಿನವರು ತಟ್ಟಬಹುದು, ತೆರೆಯಬೇಕಾದವರು ಒಳಗಿನವರು.

1901ರಲ್ಲಿ ಸ್ವಾಮಿ ವಿವೇಕಾನಂದರು ಬೇಲೂರು ಮಠದಲ್ಲಿ ದುರ್ಗಾಪೂಜೆಯನ್ನು ಆರಂಭಿಸಿದಾಗ ಪೂಜೆಯ ಸಂಕಲ್ಪವನ್ನು ಶಾರದಾದೇವಿಯವರ ಹೆಸರಿನಲ್ಲಿ ಮಾಡಲಾಯಿತು. ಇಂದಿಗೂ ಅಲ್ಲಿಯ ಸಂಕಲ್ಪ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ತಟ್ಟಿಯ ಹಿಂದೆ ಅಡಗಿದ್ದ ಆ ಲಜ್ಜಾವತಿಯ ಹೆಸರಿನಲ್ಲಿ ಸಹಸ್ರಾರು ಜನರ ಮಹಾಪೂಜೆ! 1920ರ ಜುಲೈ 20ರಂದು ಬಾಗ್‌ಬಜಾರಿನ ಉದ್ಬೋಧನ ಭವನದಲ್ಲಿ ದೇಹವನ್ನು ಬಿಡುವುದಕ್ಕೆ ಕೆಲವು ದಿನ ಮೊದಲು ಆಕೆ ದುಃಖಿತೆಯಾದ ಭಕ್ತೆಯೊಬ್ಬಳಿಗೆ ಹೇಳಿಹೋದ ಉಪದೇಶದ ತಾತ್ಪರ್ಯವೂ ಇದೇ: ಪರರ ದೋಷವನ್ನು ಎಣಿಸದೆ ಜಗತ್ತನ್ನೇ ತನ್ನದನ್ನಾಗಿ ಮಾಡಿಕೊಳ್ಳಲು ಕಲಿಯಬೇಕು, ಹೊರಗಿನವರೆಂಬವರು ಯಾರೂ ಇಲ್ಲ.

ಸರ್ವಭೂತಗಳಲ್ಲಿ ಲಜ್ಜೆಯಾಗಿಯೂ ತಾಯಿಯಾಗಿಯೂ ನೆಲಸಿರುವ ಆ ಜಗದಂಬೆಯು ಈ ನವರಾತ್ರಿಯಲ್ಲಿ ಅಂಜಿದವರ ನಾಲಗೆಗೆ ಒಂದು ಸಂಬಂಧದ ಮಾತನ್ನೂ, ಅಂಜದವರ ಕಿವಿಗೆ ಅದನ್ನು ಕೇಳುವ ತಾಳ್ಮೆಯನ್ನೂ ದಯಪಾಲಿಸಲಿ. ಕಂಬದ ಮರೆಯಲ್ಲಿ ನಿಂತವರು ತಾಯಿಯ ಸನ್ನಿಧಿಗೆ ಬರಲಿ. ಸರ್ವರಿಗೂ ಅಭಯವಾಗಲಿ, ಸರ್ವರಿಗೂ ಮಂಗಳವಾಗಲಿ.